ಚಿಕ್ಕಪ್ಪ ಮನೆಗೆ ಬಂದದ್ದು ಟೈಗರಿಗೆ ಗೊತ್ತಾಗಬಾರದು

ನಮ್ಮ ಚಿಕ್ಕಪ್ಪನಿಗೆ ಯಾರೂ ಗುಟ್ಟು ಹೇಳುವುದಿಲ್ಲ. ಅವರು ಚಾಡಿಕೋರರೆಂದು ತಿಳಿಯಬೇಡಿ, ಪಾಪ, ಮನಸ್ಸು ಒಳ್ಳೆಯದೇ. ತೊಂದರೆ ಇರುವುದು ಗಂಟಲಿನಲ್ಲಿ. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳಿಗೆ ಜನ ಕರೆಯುವುದು ಅವರ ಕೆಲಸ. "ವೇಣೂರು, ಬೆಳ್ತಂಗಡೀ... ಬಂಟ್ವಾಳ, ಬಂಟ್ವಾಳ" ಎಂದು ಒಮ್ಮೆ ಎಳೆದರೆ ಕಾರ್ಕಳಕ್ಕೆ ಹೋಗಬೇಕಾದವರೂ ಗಾಬರಿಯಿಂದ ಹತ್ತಿ ಕುಳಿತುಬಿಡುತ್ತಾರೆ. ಇಂಥವರು ಪಿಸುಗುಟ್ಟಿದರೆ ಹೇಗಿರಬೇಡ? ನನ್ನ ನಿಶ್ಚಿತಾರ್ಥದ ದಿನ ನನ್ನ ಕಿವಿಯ ಹತ್ತಿರ ಬಗ್ಗಿ, ಊಟಕ್ಕೆ ಇನ್ನೆಷ್ಟು ಹೊತ್ತುಂಟು ಎಂದು ಗುಟ್ಟಾಗಿ ಕೇಳಿದರು. ಭಟ್ಟರು ಮಂತ್ರ ನಿಲ್ಲಿಸಿದರು, ಗಂಡಿನ ಕಡೆಯವರು ಎದ್ದು ಎಲೆ ಹಾಕಲು ಶುರುಮಾಡಿದರು!

ಮದುವೆಯಾಗಿ ನಾನು ಸೇರಿದ್ದೂ ಚಿಕ್ಕಪ್ಪನ ಊರಾದ ತೋಡಾರಿನಲ್ಲೇ, ಚಿಕ್ಕಪ್ಪನ ಮನೆಗೆ ಕೂಗಳತೆಯ ದೂರದಲ್ಲಿ. (ಚಿಕ್ಕಪ್ಪನ ಕೂಗಳತೆ ಎಂದರೆ ಮಂಗಳೂರೂ ಸೇರಿಬಿಡುತ್ತದೆ. ಸಾಮಾನ್ಯರ ಕೂಗಳತೆ ಎಂದು ತಿಳಿಯಿರಿ.) ಹಾಗಾಗಿ ಟೈಗರಿನ ಕಥೆಯನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ.

ಟೈಗರ್ ಅವರ ನಾಯಿ. ಮೊಲದಷ್ಟು ಗಾತ್ರದ, ಬಿಳಿ ಕೂದಲಿನ, ಕೋಳಿಯನ್ನು ಕಂಡರೆ ಮೇಜಿನಡಿ ಸೇರುವ ಹೆಣ್ಣು ನಾಯಿ. ಹೆಸರಿಟ್ಟವರು ಚಿಕ್ಕಪ್ಪ. ಸಂಜೆ ಬಸ್ಸಿಳಿದು ಗೇಟಿನ ಹತ್ತಿರ ನಿಂತು "ಟೈಗರ್" ಎಂದು ಒಂದು ಕೂಗು ಹಾಕಿದರೆ ಸಾಕು, ಅವಳು ಹಾರಿ ಬಂದು, ಬೊಗಳುತ್ತಾ, ಅವರ ಸುತ್ತ ಏಳು ಸುತ್ತು ಹಾಕುತ್ತಿದ್ದಳು. ಏಳಾಗದೆ ಚಿಕ್ಕಪ್ಪ ಗೇಟು ದಾಟುತ್ತಿರಲಿಲ್ಲ. ಚಿಕ್ಕಮ್ಮನಿಗೆ ಹೊಟ್ಟೆಕಿಚ್ಚು. ಸಪ್ತಪದಿಯಲ್ಲಿ ತನ್ನ ಜೊತೆ ಮುಖ ಗಂಟಿಕ್ಕಿಕೊಂಡು ಏಳು ಹೆಜ್ಜೆ ನಡೆದ ಮನುಷ್ಯ ಇವರೇನಾ ಎಂದು ಕೇಳುತ್ತಿದ್ದರು.

ಒಂದು ಸಂಜೆ ನಾಲ್ಕನೇ ಸುತ್ತಿನಲ್ಲಿ ಟೈಗರ್ ಬಿದ್ದುಬಿಟ್ಟಳು. ಅದಕ್ಕೂ ಮೊದಲೇ ಬೀಡಿ ಸೇದುವ ಅಜ್ಜನ ಹಾಗೆ ಕೆಮ್ಮುತ್ತಿದ್ದಳು, ನಾವು ಗಂಟಲಿಗೆ ಮುಳ್ಳು ಸಿಕ್ಕಿದೆ ಎಂದುಕೊಂಡಿದ್ದೆವು. ದನದ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದರು. ಹೃದಯದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಹೃದಯ ದೊಡ್ಡದಾಗಿದೆ ಎಂದರು. ಮಾತ್ರೆ ತಪ್ಪಿಸಬಾರದು, ಉಪ್ಪು ಕೊಡಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಉದ್ವೇಗ ಆಗಬಾರದು. ಇದಕ್ಕೆ ಉದ್ವೇಗ ಆಗುವುದು ಯಾವಾಗ ಎಂದು ಅವರು ಕೇಳಿದಾಗ ಚಿಕ್ಕಮ್ಮ ಗಂಡನ ಕಡೆ ಬೆರಳು ತೋರಿಸಿದರು.

"ಇವರು ಮನೆಗೆ ಬರುವಾಗ."

"ಹಾಗಾದ್ರೆ ಇವರು ಬಂದದ್ದು ಅದಕ್ಕೆ ಗೊತ್ತಾಗ್ಬಾರ್ದು" ಎಂದರು ಡಾಕ್ಟರಮ್ಮ.

ಊರಿಗೆಲ್ಲ ಕೇಳುವ ಮನುಷ್ಯ ಸ್ವಂತ ಮನೆಗೆ ಸದ್ದಿಲ್ಲದೆ ಬರಬೇಕು! ಆದರೆ ಚಿಕ್ಕಪ್ಪ ಹಿಡಿದರೆ ಉಡದ ಹಿಡಿತ. ಮರುದಿನದಿಂದಲೇ ಒಂದು ಸ್ಟಾಪ್ ಮೊದಲೇ ಇಳಿದು, ಪಕ್ಕದ ಮನೆಯ ಬಾಯಮ್ಮನ ತೋಟದೊಳಗಿಂದ ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲ ಗೋಡೆ ಹತ್ತಿ, ಬಚ್ಚಲುಮನೆಗೆ ಇಳಿಯತೊಡಗಿದರು. ಅಂಗಿಯ ವಾಸನೆ ಟೈಗರಿಗೆ ಸಿಗಬಾರದೆಂದು ಒಂದು ಹನಿ ಮಳೆಯಿಲ್ಲದ ಮಾರ್ಚ್ ತಿಂಗಳಿನಲ್ಲಿ ತಲೆಯಿಂದ ಮೊಣಕಾಲಿನವರೆಗೆ ರೈನ್‌ಕೋಟು ಬೇರೆ.

ಮಬ್ಬುಗತ್ತಲಲ್ಲಿ ಗೋಡೆ ಹತ್ತುತ್ತಿರುವ ರೈನ್‌ಕೋಟನ್ನು ಕಂಡರೆ ಬಾಯಮ್ಮನಾದರೂ ಏನೆಂದುಕೊಳ್ಳಬೇಕು? ಕಳ್ಳ ಕಳ್ಳ ಎಂದು ಕೂಗಿಬಿಟ್ಟರು. ನಾಲ್ಕು ಜನ ದೊಣ್ಣೆ ಹಿಡಿದು ಓಡಿಬಂದರು. ಯಾರೆಂದು ಹೇಳು ಎಂದು ಗದರಿಸಿದರು. ಇಡೀ ತಾಲೂಕಿಗೆ ಗುರುತಿರುವ ಗಂಟಲು, ಒಂದು ಶಬ್ದ ಆಡಿದ್ದರೆ ಮುಗಿಯುತ್ತಿತ್ತು. ಆದರೆ ಆಡಿದರೆ ಟೈಗರಿಗೆ ಕೇಳುತ್ತದಲ್ಲ! ಚಿಕ್ಕಪ್ಪ ಗೋಡೆಯ ಮೇಲೆ ಕುಳಿತು ಕೈಮುಗಿದರು, ಎದೆ ಮುಟ್ಟಿ ತೋರಿಸಿದರು, ನಾಲಗೆ ಹೊರಹಾಕಿ ನಾಯಿಯ ಹಾಗೆ ಏದುಸಿರು ಬಿಟ್ಟರು. ಕಳ್ಳನಿಗೆ ಹುಚ್ಚೂ ಉಂಟು ಎಂದು ಜನ ಎರಡು ಹೆಜ್ಜೆ ಹಿಂದೆ ಸರಿದರು. ಗದ್ದಲ ಕೇಳಿ ಓಡಿಬಂದ ನಾನು ಟೊಪ್ಪಿ ಎಳೆದಾಗ ಒಳಗೆ ಬೆವರಲ್ಲಿ ಮಿಂದ ಚಿಕ್ಕಪ್ಪ. ಮೊಣಕಾಲಿಗೆ ಅಷ್ಟರಲ್ಲಾಗಲೇ ಒಂದು ಪೆಟ್ಟು ಬಿದ್ದಿತ್ತು. ಆಗಲೂ ಅವರು ಅಯ್ಯೋ ಎನ್ನಲಿಲ್ಲ.

ಉಪ್ಪಿನದು ಇನ್ನೊಂದು ಪುರಾಣ. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಬೂತಾಯಿ ಮೀನು ಮುಂದಿಟ್ಟರೆ ಟೈಗರ್ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಚಿಕ್ಕಪ್ಪ ಅದೇ ಪಾತ್ರೆಯಿಂದ ಬಡಿಸಿಕೊಂಡು, ಎದುರು ಕುಳಿತು, ಆಹಾ ಎಂಬ ಮುಖ ಮಾಡಿ ನುಂಗಿದ ಮೇಲೆಯೇ ಅವಳು ಬಾಯಿ ಹಾಕುವುದು. ಬಿಪಿ ಉಂಟು, ಉಪ್ಪಿನಕಾಯಿ ಬಿಡಿ ಎಂದು ಚಿಕ್ಕಮ್ಮ ವರ್ಷಗಟ್ಟಲೆ ಬೇಡಿಕೊಂಡಾಗ ಅಲುಗದ ಮನುಷ್ಯ ಇವರು. ಈಗ ಬಿಪಿ ತಾನಾಗಿಯೇ ಇಳಿಯಿತು. ಮೊದಲೇ ಒಂದು ಕಾಯಿಲೆಯ ನಾಯಿ ತಂದಿಡಬೇಕಿತ್ತು ಎಂದರು ಚಿಕ್ಕಮ್ಮ.

ಒಂದು ವಿಷಯ ಮಾತ್ರ ನಮ್ಮನ್ನು ನಗಲು ಬಿಡಲಿಲ್ಲ. ಬಸ್ಸಿನ ಹೊತ್ತಿಗೆ ಟೈಗರ್ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳು. ಬಸ್ಸು ನಿಲ್ಲುತ್ತಿತ್ತು, ಹೋಗುತ್ತಿತ್ತು. ಕೂಗು ಬರುತ್ತಿರಲಿಲ್ಲ. ಕತ್ತಲಾಗುವವರೆಗೆ ಅವಳು ಅಲ್ಲಿ, ಅವಳು ಬೇಸತ್ತು ಒಳಗೆ ಬರುವವರೆಗೆ ಚಿಕ್ಕಪ್ಪ ಇತ್ತ ಬಚ್ಚಲಿನ ಕಲ್ಲಿನ ಮೇಲೆ, ಸೊಳ್ಳೆ ಹೊಡೆಯಲಿಕ್ಕೂ ಹೆದರಿಕೊಂಡು. ಆಮೇಲೆ ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದವರಂತೆ ಮೆಲ್ಲಗೆ ಬಂದು ಅವಳ ಪಕ್ಕ ಕೂರುವುದು. ಅವಳನ್ನು ಬದುಕಿಸಬೇಕೆಂದೇ ಅವರು ಅವಳ ದಿನದ ಒಂದೇ ಸಂತೋಷವನ್ನು ಕಿತ್ತುಕೊಂಡಿದ್ದರು. ಅದು ಅವರದ್ದೂ ಒಂದೇ ಸಂತೋಷವಾಗಿತ್ತು ಎಂದು ನನಗೆ ಹೊಳೆದದ್ದು ತಡವಾಗಿ.

ಹೀಗೆ ಒಂದು ಮಳೆಗಾಲ ದಾಟಿತು. ದೀಪಾವಳಿಯ ನಂತರ ಟೈಗರಿಗೆ ಗೇಟಿನವರೆಗೆ ನಡೆಯುವುದೇ ಕಷ್ಟವಾಯಿತು. ಡಾಕ್ಟರಮ್ಮ ಈ ಸಲ ಕೊಳವೆ ತೆಗೆದು ಕೊರಳಿಗೆ ಹಾಕಿಕೊಂಡು, ಇನ್ನು ಅದಕ್ಕೆ ಇಷ್ಟವಾದದ್ದು ಕೊಡಿ, ಪಥ್ಯ ಸಾಕು ಎಂದರು. ನಾನು ಮೀನಿಗೆ ಉಪ್ಪು ಹಾಕುವ ಬಗ್ಗೆ ಕೇಳಬೇಕೆಂದಿದ್ದೆ. ಚಿಕ್ಕಪ್ಪ ಬೇರೆಯದೇ ಕೇಳಿದರು.

"ಗೇಟಲ್ಲಿ ನಿಂತು ಕರೀಬಹುದಾ?"

ಆ ಸಂಜೆ ಅವರು ತಮ್ಮ ಸ್ಟಾಪಿನಲ್ಲೇ ಇಳಿದರು. ರೈನ್‌ಕೋಟಿಲ್ಲ. ಗೇಟಿನ ಹತ್ತಿರ ನಿಂತು ಬಾಯಿ ತೆರೆದರು. ಬಸ್ ಸ್ಟ್ಯಾಂಡು ತುಂಬುವ ಆ ಗಂಟಲಿನಿಂದ, ಪಕ್ಕದಲ್ಲೇ ಇದ್ದ ನನಗೇ ಕೇಳಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣಗೆ "ಟೈಗರ್" ಎಂದು ಬಂತು. ಅಷ್ಟು ಸಾಕಾಯಿತು. ಅವಳು ಜಗಲಿಯಿಂದ ಎದ್ದು, ಅಂಗಳದಲ್ಲಿ ಎರಡು ಕಡೆ ನಿಂತು, ಬಂದಳು. ಒಂದು ಸುತ್ತು ಹಾಕಿದಳು. ಎರಡನೆಯದಕ್ಕೆ ಹೊರಟವಳು ಅರ್ಧಕ್ಕೇ ಅವರ ಚಪ್ಪಲಿಯ ಮೇಲೆ ಕುಳಿತುಬಿಟ್ಟಳು.

"ಸಾಕು ಮಾರಾಯ್ತಿ" ಎಂದರು ಚಿಕ್ಕಪ್ಪ. "ಬಾಕಿ ಉಳಿದದ್ದು ನಾನು ಹಾಕ್ತೇನೆ."

ಚಪ್ಪಲಿಯಿಂದ ಕಾಲು ಮೆಲ್ಲಗೆ ಬಿಡಿಸಿಕೊಂಡು, ಪೆಟ್ಟು ತಿಂದ ಮೊಣಕಾಲು ಎಳೆಯುತ್ತಾ, ಅವರು ಅವಳ ಸುತ್ತ ನಡೆಯತೊಡಗಿದರು. ಬೇಲಿಯಾಚೆ ಬಾಯಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದರು. ನನಗೂ ಅಳು ತಡೆಯಲಾಗಲಿಲ್ಲ. ಟೈಗರ್ ಮಾತ್ರ, ಈ ಮನುಷ್ಯನಿಗೆ ಇವತ್ತು ಏನಾಯಿತು ಎನ್ನುವಂತೆ, ಅವರು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಾ ಬಾಲ ಆಡಿಸುತ್ತಿದ್ದಳು.