ಹತ್ತೊಂಬತ್ತನೇ ನಂಬರಿನ ಬಟ್ಟಲು

ಕಣ್ಣಿಗೆ ಕಾಣುವ ಅಪಾಯಗಳಿಗೆ ನಾನು ಅಷ್ಟಾಗಿ ಹೆದರುವವನಲ್ಲ. ಹಾವು ಕಂಡರೆ ಓಡಬಹುದು, ಮೇಲಧಿಕಾರಿ ಕಂಡರೆ ಫೈಲಿನ ಹಿಂದೆ ಅಡಗಬಹುದು. ಕಾಣದ್ದಕ್ಕೆ ಮಾತ್ರ ನನ್ನ ಹತ್ತಿರ ಉಪಾಯವಿಲ್ಲ. ಊರಿಗೆ ಹೊರಟರೆ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಎರಡು ಸಲ ವಾಪಸು ಬರುವವನು ನಾನು. ನೆಗಡಿಯಾದರೆ ಅದರ ಹಿಂದೆ ಇನ್ನೇನೋ ಇದೆ ಎಂದು ನಂಬುವವನು. ಇಂಥವನ ಮನೆ ಬಾಗಿಲಿಗೆ, ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯೂ ಇಲ್ಲದ ಒಂದು ಅನಿಲದ ಸುದ್ದಿ ಹೊತ್ತು ಬೆಂಗಳೂರಿನ ಕಾಲೇಜೊಂದರ ಮೇಡಂ ಬಂದರು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಬಂಗಾರಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ಮಾರಿಕುಪ್ಪಂ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ. ಹಿತ್ತಲಿನಲ್ಲೊಂದು ಬಾವಿ. ಅದನ್ನು ತೋಡಿದವರು ನಮ್ಮಪ್ಪ. ವಾರದಲ್ಲಿ ಆರು ದಿನ ಚಿನ್ನದ ಗಣಿಯಲ್ಲಿ ಬಂಡೆ ಒಡೆದು, ಏಳನೆಯ ದಿನ ರಜೆಯ ಸುಖಕ್ಕೆಂದು ಹಿತ್ತಲಿನಲ್ಲಿ ಬಂಡೆ ಒಡೆಯುತ್ತಿದ್ದ ಮನುಷ್ಯ. ಅಪ್ಪ ತೀರಿಹೋದರೂ ಬಾವಿ ಬತ್ತಲಿಲ್ಲ. ಇಡೀ ಬೀದಿ ಅದರ ನೀರನ್ನು ಎಳನೀರೆಂದು ಹೊಗಳುತ್ತಿತ್ತು.

ಮೇಡಂ ಆ ನೀರನ್ನು ಒಂದು ಗುಳ್ಳೆಯೂ ಬಾರದಂತೆ ಬಾಟಲಿಗೆ ತುಂಬಿಸಿಕೊಂಡು ವಿಷಯ ತಿಳಿಸಿದರು. ಬಂಡೆಯಲ್ಲಿ ರೇಡಾನ್ ಎಂಬ ಅನಿಲ ಹುಟ್ಟುತ್ತದಂತೆ. ನೆಲದ ಬಿರುಕಿನಿಂದಲೂ ಬರುತ್ತದೆ, ಬಾವಿ ನೀರಿನಲ್ಲಿ ಕರಗಿಯೂ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದರ ಹಿಂದೆಯೇ ಅವರು, "ನಿಮ್ಮನೇಲಿ ಇದೆ ಅಂತ ನಾನು ಹೇಳ್ತಿಲ್ಲ ಸಾರ್, ಅಳೀಬೇಕು ಅಷ್ಟೇ" ಎಂದೂ ಅಂದರು. ನನಗೆ ಕೇಳಿಸಿದ್ದು ಶ್ವಾಸಕೋಶ ಎಂಬ ಒಂದೇ ಮಾತು. ಏಕೆಂದರೆ ನಮ್ಮ ಅಮ್ಮನಿಗೆ ಉಬ್ಬಸ. ಅವಳು ಮಲಗುವುದು ಕಿಟಕಿಗಳೆಲ್ಲ ಮುಚ್ಚಿದ ನಡುಮನೆಯಲ್ಲಿ, ಬಾವಿ ನೀರಿನ ಕೊಡಗಳ ಪಕ್ಕದಲ್ಲೇ.

"ಕಿಟಕಿ ತೆಗೆದಿಟ್ಟರೆ ಸಾಕು" ಎಂದರು ಮೇಡಂ. ಅವರಿಗೇನು ಗೊತ್ತು! ಕೋರಮಂಡಲ್ ಕಡೆಯ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದಾದ ಮೇಲೆ ಸುರಿದ ಹಿಟ್ಟಿನಂಥ ಮಣ್ಣಿನ ಗುಡ್ಡ, ನಮ್ಮ ಹಿತ್ತಲಿಗೆ ನೇರ ಎದುರಿಗಿತ್ತು. ಗಾಳಿ ಎದ್ದ ದಿನ ಕಿಟಕಿ ತೆಗೆದರೆ ಸಾರಿನ ಮೇಲೆ ಕೆನೆ ಕಟ್ಟುತ್ತಿತ್ತು. ಅಮ್ಮನ ಕೆಮ್ಮು ಜಾಸ್ತಿಯಾಗುವುದೂ ಆ ದೂಳಿಗೇ. ಕಿಟಕಿ ತೆಗೆದರೆ ದೂಳು, ಮುಚ್ಚಿದರೆ ಅನಿಲ. ನೀರು ಕುದಿಸಿದರೆ ಅನಿಲ ಹೋಗುತ್ತದೆಯೇ ಎಂದು ಕೇಳಿದೆ. "ನೀರಿಂದ ಹೋಗುತ್ತೆ, ಅಡಿಗೆಮನೆಗೆ ಬರುತ್ತೆ" ಎಂದರು. ಸಂಜೆಯ ರೈಲಿನಲ್ಲಿ ಪಕ್ಕದ ಸೀಟಿನ ಮುನಿರತ್ನಂ ಅವರ ಮುಂದೆ ಗೋಳು ತೋಡಿಕೊಂಡೆ. ಗಣಿಯ ನಿವೃತ್ತ ಮೇಸ್ತ್ರಿ ಅವರು, ಮಾತಿನಲ್ಲಿ ಅರ್ಧ ತಮಿಳು. "ಎನ್ನ ಸಾರ್, ಭೂಮಿ ಒಳಗೆ ಮೂವತ್ತು ವರ್ಷ ಇದ್ದವನು ನಾನು, ನನ್ನ ಕೇಳಿ. ಉಸಿರು ಕಮ್ಮಿ ಎಳೀರಿ" ಎಂದರು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೂ ಹಾಗೇ ಪ್ರಯತ್ನಿಸಿ, ಇಳಿಯುವಾಗ ತಲೆ ಸುತ್ತಿತು.

ನಡುಮನೆಯ ಗಾಳಿ ಅಳೆಯಲೆಂದು ಮೇಡಂ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲನ್ನು ತೊಲೆಯ ಕೊಕ್ಕೆಗೆ ನೇತುಹಾಕಿ ಹೋಗಿದ್ದರು. ಒಳಗೆ ಅನಿಲದ ಗುರುತು ಹಿಡಿಯುವ ಒಂದು ಚೂರು ಫಿಲ್ಮು. ಹೊರಗೆ ದುಂಡನೆಯ ತಗಡಿನ ಬಿಲ್ಲೆ, ಅದರ ಮೇಲೆ ಒತ್ತಿದ ಅಂಕಿ: ಹತ್ತೊಂಬತ್ತು. ಮೂರು ತಿಂಗಳು ಅದು ಅಲ್ಲೇ ಇರಬೇಕು, ಮನೆಯವರು ಎಂದಿನಂತೆ ಇರಬೇಕು. ಎಂದಿನಂತೆ ಇರುವುದು ಎಷ್ಟು ಕಷ್ಟವೆಂದು ನನಗೆ ಆಗಲೇ ತಿಳಿದದ್ದು. ಅಮ್ಮನನ್ನು ಮುಂದಿನ ಜಗಲಿಗೆ ಸ್ಥಳಾಂತರಿಸಲು ನೋಡಿದೆ.

"ಯಾಕ್ಲಾ, ಈಚೆ ಆಕ್ತೀಯಾ ನನ್ನ?"

"ಹಾಗಲ್ಲಮ್ಮ, ಬಾವಿ ನೀರಿನಿಂದ ಗಾಳಿ ಕೆಡುತ್ತಂತೆ."

"ನಿಮ್ಮಪ್ಪ ತೋಡಿದ್ ಬಾವಿ ಕಣ್ಲಾ ಅದು! ನಿನ್ನ ಸಾಕಿರೋದು ಆ ನೀರು. ಕೆಟ್ಟಿದ್ರೆ ನೀನು ಕೆಟ್ಟಿರ್ತೀಯ, ಅದಲ್ಲ."

ಫಲಿತಾಂಶ ಬರಲಿ ಎಂದು ಸುಮ್ಮನಾದೆ. ಹೆಚ್ಚು ಎಂದು ಬಂದರೆ ಅಮ್ಮ ಜಗಲಿಗೆ, ಬಾವಿಗೆ ಹಲಗೆ. ಕಡಿಮೆ ಎಂದರೆ ಇಬ್ಬರೂ ಇದ್ದಲ್ಲೇ. ಮೂರು ತಿಂಗಳಾದ ಮೇಲೆ ಬಟ್ಟಲು ಬೆಂಗಳೂರಿಗೆ ಹೋಯಿತು. ಕೆಲವು ವಾರದಲ್ಲಿ ಕಾಗದ ಬಂತು: ಗಾಬರಿಪಡುವಂಥದ್ದೇನೂ ಇಲ್ಲ. ನಾನು ಕುಣಿಯುವುದೊಂದು ಬಾಕಿ. ಹೆಂಡತಿ ಸರೋಜಳಿಗೆ ಕೇಸರಿಬಾತ್ ಮಾಡಲು ಹೇಳಿ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಗಂಭೀರವಾಗಿ ತಲೆಯಾಡಿಸಿ ಕೇಳಿದಳು:

"ಅಕ್ಕಿ ಡಬ್ಬದ ಗಾಳಿ ಎಂಗೈತಂತೆ?"

"ಯಾವ ಅಕ್ಕಿ ಡಬ್ಬ?"

"ಅದೇ, ದಿನಾ ದೀಪ ಅಚ್ಚೋ ಒತ್ಗೆ ಬಟ್ಲು ತೆಗ್ದು ಅದರಾಗೆ ಇಕ್ತಿದ್ನಲ್ಲ."

ನಾನು ಸರೋಜಳ ಮುಖ ನೋಡಿದೆ. "ಬೆಳಿಗ್ಗೆ ಅಕ್ಕಿ ಅಳೆಯೋವಾಗ ನಾನೇ ತೆಗೆದು ವಾಪಸು ಕೊಕ್ಕೆಗೆ ಹಾಕ್ತಿದ್ದೆ ರೀ" ಎಂದಳು ಅವಳು. "ಮೇಡಂ ಹಾಗೆ ಮಾಡೋಕೆ ಹೇಳಿದಾರೆ, ನೀವು ಅತ್ತೆಗೆ ಹೇಳಿದೀರಿ ಅಂದ್ಕೊಂಡೆ."

ಅಂದರೆ, ಕಿಟಕಿ ಬಾಗಿಲು ಮುಚ್ಚಿ ಅಮ್ಮ ಉಸಿರಾಡುತ್ತಿದ್ದ ಹೊತ್ತಿನಲ್ಲೆಲ್ಲ ಬಟ್ಟಲು ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಯಾಗಿ ಮಲಗಿತ್ತು. ಮೂರು ತಿಂಗಳ ವಿಜ್ಞಾನ ಸಾಬೀತುಪಡಿಸಿದ್ದು ನಮ್ಮ ಅಕ್ಕಿಯ ಆರೋಗ್ಯವನ್ನು. ಜಗಲಿಯಲ್ಲಿ ಕೂತು ಕಾಣದ ಅನಿಲದ ಬಗ್ಗೆ ಯೋಚಿಸುತ್ತಿದ್ದ ನಾನು, ಕಾಣುವ ಕೊಕ್ಕೆಯನ್ನು ಒಂದು ಸಂಜೆಯೂ ತಲೆಯೆತ್ತಿ ನೋಡಿರಲಿಲ್ಲ.

"ಯಾಕಮ್ಮ ತೆಗೆದೆ?" ಎಂದು ರೇಗಿದೆ.

ಅಮ್ಮ ಸೆರಗು ಸರಿಮಾಡಿಕೊಂಡಳು. "ನಂಬರ್ ಬಿಲ್ಲೆ ಅಲ್ವೇನ್ಲಾ ಅದು? ಒತ್ತು ಮುಳುಗಿದ್ಮೇಲೂ ನೇತಾಡ್ತಿದ್ರೆ ಎಂಗ್ಲಾ ಮಲಗೋದು?"

ಆಗ ನೆನಪಾಯಿತು. ಅಪ್ಪನ ಗಣಿಯಲ್ಲಿ ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಬಿಲ್ಲೆ ತೂಗುತ್ತಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ಅರ್ಥ. ಒಂದು ಸಲ ಕೆಳಗೆ ಬಂಡೆ ಸಿಡಿದು ಹಗಲು ಪಾಳಿಯವರು ಹೊತ್ತು ಮುಳುಗಿದರೂ ಮೇಲೆ ಬರಲಿಲ್ಲ. ಅಮ್ಮ ಆ ಹಲಗೆಯ ಮುಂದೆ ಮರುದಿನ ಮಧ್ಯಾಹ್ನದವರೆಗೆ ನಿಂತಿದ್ದಳು, ಅವಳ ಸೆರಗು ಹಿಡಿದುಕೊಂಡು ನಾನೂ. ಅಪ್ಪ ಬಂದರು, ಬಿಲ್ಲೆ ತೆಗೆದರು, "ಮನ್ಯಾಗೆ ಮುದ್ದೆ ಐತಾ?" ಎಂದರು. ಅದಾದ ಮೇಲೆ ಅಪ್ಪ ನಿವೃತ್ತರಾಗುವ ತನಕ, ಪಾಳಿ ಬಿಡುವ ಹೊತ್ತಿಗೆ ಅಮ್ಮ ಒಂದೆಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದವನು ನಾನು. ಅವಳ ಚಾಪೆಯ ಮೇಲ್ಗಡೆಯೇ ನಂಬರು ಬಿಲ್ಲೆ ತೂಗುಹಾಕಿಸಿದವನೂ ನಾನು.

ಮೇಡಂಗೆ ನಿಜ ಬರೆದೆ. ಅವರು ಇನ್ನೊಂದು ಬಟ್ಟಲು ತಂದು ನೇತುಹಾಕಿದರು; ಈ ಸಲ ನಂಬರು ಇಪ್ಪತ್ತೇಳು. ಅಂಕಿ ಇಲ್ಲದಿದ್ದರೆ ಯಾವ ಮನೆಯದೆಂದು ತಿಳಿಯುವುದಿಲ್ಲವಂತೆ. ನಾನು ಅಮ್ಮನ ಪಕ್ಕ ಕೂತು, ಇದು ಆ ಬಿಲ್ಲೆಯಲ್ಲ, ಇದರ ಕೆಳಗೆ ಯಾರೂ ಇಳಿದಿಲ್ಲ, ನಿನ್ನ ಉಸಿರಿಗಾಗಿಯೇ ಇದು ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಸರಿ ಬುಡು, ಮುಟ್ಟಾಕಿಲ್ಲ" ಎಂದಳು.

ಅಮ್ಮ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಮೊದಲ ಸಂಜೆ ದೀಪ ಹಚ್ಚಿ, ಕೊಕ್ಕೆಯ ಕಡೆ ನೋಡದೆ, ಗೋಡೆಗೆ ಮುಖ ಮಾಡಿ ಮಲಗಿದಳು. ಉಸಿರು ಸಲೀಸಾಗಿಯೇ ಇತ್ತು. ಬಟ್ಟಲು ಕೊಕ್ಕೆಯಲ್ಲಿ ಸಣ್ಣಗೆ ತೂಗುತ್ತಿತ್ತು. ನಾನು ಪೇಪರು ಬಿಡಿಸಿಕೊಂಡು ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಐದನೆಯ ಸಲಕ್ಕೆ ಎದ್ದು, ಸ್ಟೂಲು ಹಾಕಿಕೊಂಡು, ಸರೋಜ ನೋಡುತ್ತಿದ್ದಂತೆಯೇ ಅದನ್ನು ಕೊಕ್ಕೆಯಿಂದ ತೆಗೆದೆ.

"ಅಕ್ಕಿ ಡಬ್ಬ ಎಲ್ಲಿದೆ?" ಎಂದು ಕೇಳಿದೆ.