ಎಡಗಡೆಯ ಇಪ್ಪತ್ತೊಂದು

ವಿಜ್ಞಾನಿಗಳು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿದ್ದಾರೆ. ಈ ನಂಬಿಕೆಯಿಂದ ನನಗೆ ಮೂವತ್ತು ವರ್ಷ ಬಹಳ ಅನುಕೂಲವಾಗಿದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ "ಸರಿಯಾಗೇ ಇದೆ" ಎಂದು ನಾನು ಹೇಳಿದರೆ, ಊಟಕ್ಕೆ ಬಂದವರು ತಮ್ಮ ನಾಲಿಗೆಯನ್ನೇ ಅನುಮಾನಿಸುತ್ತಾರೆ. ನನ್ನ ಕೆಲಸ ಕೋಲ್ಕತ್ತದ ಒಂದು ಪ್ರಯೋಗಾಲಯದಲ್ಲಿ, ಸೆಣಬಿನ ನಾರಿನ ಮೇಲೆ. ಒಂದು ಎಳೆಯನ್ನು ಎರಡೂ ತುದಿಯಲ್ಲಿ ಹಿಡಿದು, ಅದು ಹರಿಯುವವರೆಗೆ ಎಳೆದು, ಎಷ್ಟು ಬಲಕ್ಕೆ ಹರಿಯಿತೆಂದು ಬರೆದುಕೊಳ್ಳುವುದು. ಸಂಸಾರದಲ್ಲೂ ನಾನು ಮಾಡುತ್ತಿರುವುದು ಇದನ್ನೇ ಎಂಬುದು ನಮ್ಮ ಯಜಮಾನರ ಅಭಿಪ್ರಾಯ.

ಈ ಕೆಲಸಕ್ಕೆ ದೊಡ್ಡ ಮರ್ಯಾದೆ ಎಂದೂ ಇರಲಿಲ್ಲ. ಊರಿಗೆಲ್ಲ ಸಾಫ್ಟ್‌ವೇರ್ ಜ್ವರ ಹತ್ತಿದ ಮೇಲಂತೂ ಇದ್ದದ್ದೂ ಹೋಯಿತು. ನನ್ನ ಬಳಿ ಎಳೆ ಎಳೆಯುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಒಂದು ಬೆಳಿಗ್ಗೆ ಸಂದೇಶ ಎಂಬ ಬಂಗಾಳಿ ಸಿಹಿಯ ಪೆಟ್ಟಿಗೆ ತಂದಿಟ್ಟು, "ಸೆಕ್ಟರ್ ಫೈವ್‌ನಲ್ಲಿ ಕೆಲಸ ಸಿಕ್ಕಿತು ಮೇಡಂ, ಅಮೆರಿಕದ ವಿಮಾ ಕಂಪನಿಗೆ ಪ್ರೋಗ್ರಾಂ ಬರೆಯೋದು" ಎಂದಳು. ಎರಡು ತಿಂದು ಆಶೀರ್ವಾದ ಮಾಡಿದೆ. ಮೂರನೆಯದನ್ನು ದುಃಖಕ್ಕೆ ತಿಂದೆ.

ಇಂಥ ಕಾಲದಲ್ಲಿ ನನಗೆ ಸನ್ಮಾನ ಮಾಡಬೇಕೆಂಬ ಯೋಚನೆ ನಮ್ಮ ಕನ್ನಡ ಸಂಘದವರಿಗೆ ಯಾಕೆ ಬಂತೋ. ಕಾರ್ಯದರ್ಶಿ ಶೇಷಾದ್ರಿ ಲೇಕ್ ಗಾರ್ಡನ್ಸಿನ ನಮ್ಮ ಮನೆಗೆ ಬಂದರು. ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಅಧಿಕಾರಿ. ಕಂಪ್ಯೂಟರಿನಲ್ಲಿ ಸ್ಲೈಡು ಮಾಡುವುದನ್ನು ಹೊಸದಾಗಿ ಕಲಿತಿದ್ದರು; ಅಕ್ಷರಗಳು ಎಡಗಡೆಯಿಂದ ಹಾರಿಬಂದು ಸಾಲಾಗಿ ಕೂರುವಂತೆ ಮಾಡಬಲ್ಲವರಾಗಿದ್ದರು. ಹಾರಿಸುವುದಕ್ಕೆ ಯಾರದಾದರೂ ಜೀವನ ಬೇಕಿತ್ತು. ನನ್ನದು ಸಿಕ್ಕಿತು.

"ಮೇಡಂ, ಚಿಕ್ಕಂದಿನಲ್ಲಿ ಏನಾದ್ರೂ ಕಷ್ಟಪಟ್ಟಿದ್ರಾ? ಸಣ್ಣದಾದ್ರೂ ಪರವಾಗಿಲ್ಲ."

"ಇಲ್ಲವಲ್ಲ."

"ಬೀದಿ ದೀಪದ ಕೆಳಗೆ ಓದಿದ್ದು, ಆ ಥರದ್ದು?"

"ಮೈಸೂರಲ್ಲಿ ನಮ್ಮನೇಲಿ ಕರೆಂಟ್ ಇತ್ತು."

"ಹೆಣ್ಣುಮಗಳು ಸೈನ್ಸ್ ಓದಬಾರದು ಅಂತ ಯಾರಾದ್ರೂ ಅಡ್ಡ ಬಂದೇ ಬಂದಿರ್ತಾರೆ."

"ನಮ್ಮಪ್ಪ ಓದು ಓದು ಅಂತ ಪ್ರಾಣ ತಿಂತಿದ್ರು. ನಾನೇ ಟೇಬಲ್ ಟೆನಿಸ್ ಆಡೋಕೆ ಓಡಿಹೋಗ್ತಿದ್ದೆ."

ಶೇಷಾದ್ರಿಯವರ ಮುಖ ಅರಳಿತು. "ಕ್ರೀಡೆ! ಏನಾದ್ರೂ ಗೆದ್ದಿದ್ರಾ?"

"ಮೈಸೂರು ಯೂನಿವರ್ಸಿಟಿಗೂ ಧಾರವಾಡಕ್ಕೂ ಫೈನಲ್ ಆಯ್ತಲ್ಲ, ಅದನ್ನ ಗೆದ್ದೆ" ಎಂದೆ.

ಇದನ್ನು ಹೇಳುವಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೇಳಿದ್ದೆ, ಮಗಳಿಗೆ ಊಟ ಮಾಡಿಸುವಾಗ ಹೇಳಿದ್ದೆ, ಕ್ಯಾಂಟೀನಿನಲ್ಲಿ ಹೇಳಿದ್ದೆ. ಹೇಳುತ್ತ ಹೇಳುತ್ತ ಆ ಗೆಲುವಿಗೆ ಕೈಕಾಲು ಮೂಡಿದ್ದವು. ಕೊನೆಯ ಪಾಯಿಂಟು ಹೊಡೆದಾಗ ಹೊರಗೆ ಧೋ ಎಂದು ಮಳೆ ಶುರುವಾಯಿತು ಎಂದು ಇಲ್ಲಿಯೂ ಬರೆಯಲು ಕೈ ತುರಿಸುತ್ತಿದೆ. ಆಟ ನಡೆದದ್ದು ಕಿಟಕಿಗಳನ್ನೆಲ್ಲ ಮುಚ್ಚಿದ್ದ ಹಾಲಿನಲ್ಲಿ; ಮಳೆಯನ್ನು ನಾನು ಎಲ್ಲಿಂದ ನೋಡಿದೆ? ಓದುಗರು ಆ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಬೇಕು.

ಎರಡು ದಿನ ಬಿಟ್ಟು ಶೇಷಾದ್ರಿ ಫೋನ್ ಮಾಡಿದರು. "ಮೇಡಂ, ಭಾನುವಾರ ನಿಮಗೆ ಶಾಲು ಹೊದಿಸೋರು ಗಿರಿಜಾ ಮೇಡಂ. ರೈಲ್ವೆ ದೊಡ್ಡ ಅಧಿಕಾರಿಗಳ ಮನೆಯವರು, ಈಗಷ್ಟೇ ವರ್ಗವಾಗಿ ಬಂದಿದ್ದಾರೆ. ಹಾಲ್ ಕೊಡಿಸಿದ್ದೂ ಅವರೇ. ನೋಡಿ ವಿಚಿತ್ರ, ಅವರೂ ಧಾರವಾಡ ಯೂನಿವರ್ಸಿಟಿಗೆ ಟೇಬಲ್ ಟೆನಿಸ್ ಆಡಿದ್ರಂತೆ!"

ನಾನು ರಿಸೀವರ್ ಇಟ್ಟು ಕುಳಿತುಬಿಟ್ಟೆ. ಆ ಫೈನಲಿನಲ್ಲಿ ನನ್ನ ಎದುರಿಗಿದ್ದವಳ ಹೆಸರು ಗಿರಿಜಾ. ನನ್ನ ಗೆಲುವು ಪರದೆಯ ಮೇಲೆ ಎಡದಿಂದ ಹಾರಿಬರುವಾಗ, ಪಕ್ಕದಲ್ಲಿ ಶಾಲು ಹಿಡಿದು ನಿಂತವಳು "ಸುಳ್ಳು" ಎಂದುಬಿಟ್ಟರೆ? ಟೇಬಲ್ ಟೆನಿಸ್ ಹಾಳಾಗಲಿ, ಆಮೇಲೆ ನನ್ನ ಸೆಣಬಿನ ಅಂಕಿಗಳನ್ನು ಯಾರು ನಂಬುತ್ತಾರೆ? ನಾನು ನಿಜವಾಗಿ ಗೆದ್ದಿದ್ದೆನೇ ಎಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿಕೊಂಡೆ. ಗೆದ್ದ ಕ್ಷಣ ನೆನಪಾಗಲಿಲ್ಲ. ಗೆದ್ದೆ ಎಂದು ಹೇಳಿದ ಸಂದರ್ಭಗಳು ಮಾತ್ರ ಒಂದೊಂದಾಗಿ ನೆನಪಾದವು. ಟ್ರೋಫಿ ಎಲ್ಲಿ ಎಂದು ಕೇಳಬೇಡಿ. ಗೆದ್ದವರಿಗೂ ಸೋತವರಿಗೂ ಒಂದೇ ಅಳತೆಯ ಸ್ಟೀಲ್ ಲೋಟ ಕೊಟ್ಟಿದ್ದರು. ಅದರಲ್ಲಿ ಈಗಲೂ ಕಾಫಿ ಕುಡಿಯುತ್ತೇನೆ.

ಆಗ ಹೊಳೆಯಿತು, ನನ್ನ ಪ್ರಾಕ್ಟಿಕಲ್ ರೆಕಾರ್ಡು! ಆ ದಿನ ಲ್ಯಾಬಿನಿಂದ ನೇರ ಆಟಕ್ಕೆ ಹೋಗಿದ್ದೆ. ಸ್ಕೋರನ್ನು ಅದರ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದೆ. ಅಟ್ಟ ಹತ್ತಿ, ಮೂರು ಟ್ರಂಕು ಇಳಿಸಿ, ಸೀನಿ ಸೀನಿ ಪುಸ್ತಕ ಹುಡುಕಿದೆ. ಸ್ಕೋರು ಇತ್ತು. ಅಂದವಾಗಿ ಗೆರೆ ಎಳೆದು, ಎರಡು ಕಾಲಂ ಮಾಡಿ ಬರೆದಿದ್ದೆ: 21–18, 17–21, 21–19. ಎಡಗಡೆಯವಳು ಗೆದ್ದಿದ್ದಾಳೆ. ಎಡಗಡೆಯವಳು ಯಾರು? ಕಾಲಮ್ಮುಗಳ ಮೇಲೆ ತಲೆಬರಹವೇ ಇಲ್ಲ.

ಈ ಒಂದು ತಪ್ಪಿಗೆ ನಾನು ಎಷ್ಟು ವಿದ್ಯಾರ್ಥಿಗಳ ಪುಸ್ತಕಗಳನ್ನು ಮೇಜಿನಾಚೆ ಎಸೆದಿದ್ದೇನೆ! "ಯಾವ ಅಂಕಿ ಯಾರದ್ದು ಅಂತ ಬರೆಯದೇ ಇದ್ದರೆ ಅದು ವಿಜ್ಞಾನ ಅಲ್ಲ, ಮಟಕಾ" ಎಂದು ಬೈದು ಹುಡುಗಿಯರನ್ನು ಅಳಿಸಿದ್ದೇನೆ. ಯಜಮಾನರು ಪುಸ್ತಕ ತಿರುಗಿಸಿ ನೋಡಿದರು. ಅವರು ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಸರಕು ಇಳಿಸುವ ವಿಭಾಗದಿಂದ ನಿವೃತ್ತರಾದವರು.

"ಅಲ್ವೇ, ಚೀಟಿ ಇಲ್ಲದ ಮೂಟೆ ಬಂದ್ರೆ ನಾವು ಯಾರದ್ದೂ ಅಲ್ಲ ಅಂತ ಪಕ್ಕಕ್ಕಿಡ್ತಿದ್ವಿ. ನಿನ್ನ ಗೆಲುವನ್ನೂ ಹಾಗೇ ಇಡು."

"ರೀ, ಮದುವೆಗೆ ಮುಂಚೆ ನಿಮಗೆ ಏನು ಹೇಳಿದ್ದೆ, ಗೆದ್ದೆ ಅಂತಲೋ ಸೋತೆ ಅಂತಲೋ?"

"ನೀನು ಬಾಯಿ ಬಿಟ್ಟಿದ್ದೇ ಮದುವೆ ಆದಮೇಲೆ."

ಭಾನುವಾರ ಬಂದೇ ಬಂತು. ರೈಲ್ವೆ ಕ್ಲಬ್ಬಿನ ಹಾಲು. ನನ್ನ ಪರಿಚಯ ಹಾರಿ ಹಾರಿ ಬಂದು ಕುಳಿತಿತು. "ಟೇಬಲ್ ಟೆನಿಸ್ ಚಾಂಪಿಯನ್" ಎಂಬುದು ಗಿರಕಿ ಹೊಡೆಯುತ್ತ ಬಂತು. ನಾನು ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದೆ. ಇಳಕಲ್ ಸೀರೆಯ ಗಿರಿಜಾ ನಗುನಗುತ್ತ ಶಾಲು ಹೊದಿಸಿದರು. ಸ್ವಲ್ಪ ಬಿಗಿಯಾಗಿಯೇ ಹೊದಿಸಿದರು ಎನ್ನಿಸಿತು. ತಿಂಡಿಯ ಹೊತ್ತಿನಲ್ಲಿ ನನ್ನನ್ನು ಮೂಲೆಗೆ ಕರೆದರು.

"ಅಯ್ಯ, ನಿಮ್ಮ ಆ ‘ಚಾಂಪಿಯನ್’ ಪರದಿ ಮ್ಯಾಲೆ ಬಂದು ಕುಂತದ್ದ ನೋಡಿ ನನ್ನ ಎದಿ ಧಸಕ್ ಅಂತ್ರಿ! ನಮ್ಮ ಅತ್ತಿ ಮನ್ಯಾಗ ಎಲ್ಲಾರ ಮುಂದೂ ಆ ಫೈನಲ್ ನಾನ ಗೆದ್ದೀನಿ ಅಂತ ಹೇಳ್ಕೋತ ಬಂದೀನ್ರಿ. ನಮ್ಮನಿಯವ್ರು ಮುಂದಿನ ಸಾಲಿನ್ಯಾಗ ಕುಂತಾರ."

"ಹಾಗಾದ್ರೆ ಗೆದ್ದೋರು ಯಾರು?"

"ಯಾರಿಗ ನೆನಪದರಿ? ಎದುರಿಗೆ ಒಬ್ಬಾಕಿ ಚಾಳೀಸು ಹಾಕ್ಕೊಂಡಾಕಿ ಇದ್ಲು, ಅಷ್ಟ ಗೊತ್ತು. ಭಾಳ ಜಗಳಗಂಟಿ. ಪಾಯಿಂಟಿಗೊಮ್ಮೆ ಅಂಪೈರ್ ಜೋಡಿ ವಾದ."

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ. ಅನುಮಾನ ಬಂದ ಫಲಿತಾಂಶಕ್ಕೆ ವಿಜ್ಞಾನದಲ್ಲಿ ಇರುವುದು ಒಂದೇ ದಾರಿ, ಪ್ರಯೋಗವನ್ನು ಮತ್ತೆ ಮಾಡುವುದು. ಹಾಗೆಂದೆ. ಅವರು ಕಣ್ಣು ಅರಳಿಸಿದರು. ಅಷ್ಟಕ್ಕೂ ಖಾರಾಬಾತು, ಸಂದೇಶ, ಇಲ್ಲಿನವರು ಶಿಂಗಾಡಾ ಎನ್ನುವ ಸಮೋಸಾಗಳನ್ನು ಬಿಳಿ ಬಟ್ಟೆ ಹಾಸಿ ಜೋಡಿಸಿಟ್ಟಿದ್ದದ್ದು ಕ್ಲಬ್ಬಿನ ಟೇಬಲ್ ಟೆನಿಸ್ ಮೇಜಿನ ಮೇಲೆಯೇ. ಪಾತ್ರೆಗಳು ಕುರ್ಚಿಗಳಿಗೆ ಇಳಿದವು. ಈಗೆಲ್ಲ ಹನ್ನೊಂದು ಪಾಯಿಂಟಿಗೇ ಆಟ ಮುಗಿಸುತ್ತಾರೆ ಎಂದು ಶೇಷಾದ್ರಿ ತಿಳಿಸಿದರು. "ನಮಗ ಇಪ್ಪತ್ತೊಂದ ಬೇಕ್ರಿ" ಎಂದರು ಗಿರಿಜಾ. ನಾನು ಸನ್ಮಾನದ ಶಾಲನ್ನು ಸೊಂಟಕ್ಕೆ ಬಿಗಿದೆ. ಯಜಮಾನರು ಅಂಪೈರ್.

ಕಾಲು ಗಂಟೆ ನಾನು ಐವತ್ತೈದರವಳಾಗಿರಲಿಲ್ಲ; ಮಂಡಿಗಳು ಮಾತ್ರ ಆಗಿದ್ದವು. ಹದಿನಾಲ್ಕು ಸಮ ಆದಾಗ ಅವರು ಕೊಟ್ಟ ಚೆಂಡು ನನ್ನ ಕಡೆ ಬಿದ್ದು, ಪುಟಿಯದೆ ಸುರ್ರನೆ ಜಾರಿಹೋಯಿತು.

"ರೀ, ಇಲ್ಲಿ ಖಾರಾಬಾತಿನ ತುಪ್ಪ ಇದೆ! ಇದು ಲೆಕ್ಕಕ್ಕಿಲ್ಲ. ಮೇಜು ಒರೆಸಿ ಮತ್ತೆ ಆಡ್ಬೇಕು. ನಿಯಮ ಅಂದ್ರೆ ನಿಯಮ!"

ಗಿರಿಜಾ ಬ್ಯಾಟು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಆಕಿನ! ಆಕಿನ ನೋಡ್ರಿ ಇವರು! ಈಗ ಖಾತ್ರಿ ಆತು."

ಮತ್ತೆ ಆಡಿಸಲಿಲ್ಲ; ಪಾಯಿಂಟು ಗಿರಿಜಾಗೇ ಹೋಯಿತು. ಯಜಮಾನರು ಮೂವತ್ತು ವರ್ಷದ ಸಂಸಾರದ ಸೇಡನ್ನು ಅಲ್ಲೇ ಸೀಟಿಯಲ್ಲಿ ಊದಿಬಿಟ್ಟರು. ಇಪ್ಪತ್ತೊಂದು–ಹದಿನಾರಕ್ಕೆ ಸೋತೆ. ಗಿರಿಜಾ ನನ್ನನ್ನು ತಬ್ಬಿಕೊಂಡು, "ಹಳೇದು ನಿಮ್ಮದಿರ್ಲಿ, ಹೊಸಾದು ನಂದು" ಎಂದರು. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಆ ದೊಡ್ಡ ಮನಸ್ಸಿನ ಮೇಲೆ ಇನ್ನೂ ಸಿಟ್ಟಿದೆ.

ಮನೆಗೆ ಬಂದು, ಮಂಡಿಗೆ ಮುಲಾಮು ಹಚ್ಚಿಕೊಂಡು, ಹಳೆಯ ರೆಕಾರ್ಡು ತೆಗೆದೆ. ಆ ಮೂರು ಸಾಲಿನ ಕೆಳಗೆ ಅಡ್ಡಗೆರೆ ಎಳೆದೆ. ತಪ್ಪು ಮರುಕಳಿಸಬಾರದಲ್ಲ. ತಾರೀಕು ಬರೆದೆ, ಸ್ಥಳ ಬರೆದೆ, ಎರಡು ಕಾಲಂ ಮಾಡಿ ದುಂಡಗೆ ತಲೆಬರಹ ಬರೆದೆ: ಎಡಕ್ಕೆ ನನ್ನ ಹೆಸರು, ಬಲಕ್ಕೆ ಗಿರಿಜಾ. ಕೆಳಗೆ ಅಂಕಿಗಳನ್ನು ತುಂಬಿದೆ. ಯಜಮಾನರು ಹಿಂದಿನಿಂದ ಬಗ್ಗಿ ನೋಡಿದರು.

"ಅಲ್ವೇ, ಆಕೆಯ ಇಪ್ಪತ್ತೊಂದು ನಿನ್ನ ಹೆಸರಿನ ಕೆಳಗಿದೆಯಲ್ಲೇ?"

"ತಲೆಬರಹ ಇದೆ ತಾನೇ?" ಎಂದು ಪುಸ್ತಕ ಮುಚ್ಚಿದೆ. ವಿದ್ಯಾರ್ಥಿಗಳಿಂದಲೂ ನಾನು ಕೇಳಿದ್ದು ಅಷ್ಟನ್ನೇ.