ಆನೋಡಿಗೊಂದು ಬಾಣಂತನ

ಬುದ್ಧಿವಂತರ ಕೈಕೆಳಗೆ ಕೆಲಸಕ್ಕಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಾನು ಬನಶಂಕರಿಯ ಕಾಲೇಜೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ನಮ್ಮ ಮೇಡಂ ಲಿಥಿಯಂ ಬ್ಯಾಟರಿಗೆ ಹೊಸ ಆನೋಡ್ ಹುಡುಕುತ್ತಿದ್ದರು. ಚಾರ್ಜ್ ಮಾಡಿದಾಗ ಲಿಥಿಯಂ ಹೋಗಿ ಕೂರುವ ಜಾಗವೇ ಆನೋಡ್. ಅಲ್ಲಿ ಹೆಚ್ಚು ಲಿಥಿಯಂ ಹಿಡಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಇಷ್ಟನ್ನು ಅವರು ನನಗೆ ಮೂರು ಸಲ, ಬೇಸರವಿಲ್ಲದೆ ಹೇಳಿಕೊಟ್ಟಿದ್ದರು.

ಕರಟ

ಮೊದಲು ಬೇಕಾಗಿದ್ದು ತೆಂಗಿನ ಕರಟ. ಗಾಳಿಯಾಡದಂತೆ ಸುಟ್ಟರೆ ಅದರಿಂದ ಒಳ್ಳೆಯ ಇಂಗಾಲ ಸಿಗುತ್ತದೆ. ಮೇಡಂ ಜಯನಗರದ ತಮ್ಮ ಪಕ್ಕದ ಮನೆಯ ಆಂಟಿಯನ್ನು ಕೇಳಿದರು. ಶುಕ್ರವಾರ ಮುತ್ತೈದೆಯ ಕೈಗೆ ಬರೀ ಕರಟ ಕೊಟ್ಟು ಕಳಿಸುವುದೇ ಎಂದು ಆಂಟಿ ಗಾಬರಿಯಾಗಿ, ಅರಿಶಿನ ಕುಂಕುಮದ ಜೊತೆ ಇಡೀ ಕಾಯಿಯನ್ನೇ ಕೊಟ್ಟರು. ಸುದ್ದಿ ಹಬ್ಬಿ, ರಸ್ತೆಯ ಉಳಿದ ಮನೆಯವರೂ ಹಾಗೇ ಮಾಡಿದರು. ಕರಟ ಬೇಕೆಂದರೆ ಕಾಯಿ ಖಾಲಿಯಾಗಲೇಬೇಕಲ್ಲ. ಎರಡು ತಿಂಗಳು ಲ್ಯಾಬಿನವರೆಲ್ಲ ಕಾಯಿ ಹೋಳಿಗೆ, ಕೊಬ್ಬರಿ ಮಿಠಾಯಿ ತಿಂದೆವು. ಬ್ಯಾಟರಿ ಇದ್ದ ಹಾಗೇ ಇತ್ತು. ಆ ಪ್ರಯೋಗದಲ್ಲಿ ಹೆಚ್ಚಿದ್ದು ನಮ್ಮ ತೂಕ.

ಅಂಟು

ಆಮೇಲೆ ಸಿಲಿಕಾನ್ ಹಿಡಿದರು. ಅದು ಲಿಥಿಯಂ ತುಂಬಿಕೊಳ್ಳುವುದರಲ್ಲಿ ಗಟ್ಟಿಗ. ಆದರೆ ಚಾರ್ಜ್ ಆದಾಗ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಹತ್ತು ಸಲಕ್ಕೇ ಪುಡಿಪುಡಿ. ನೂರು ಸಲ ಬಾಳದಿದ್ದರೆ ಪ್ರಾಜೆಕ್ಟ್ ನಿಲ್ಲಿಸುವುದಾಗಿ, ಅದಕ್ಕೆ ಹಣ ಕೊಡುತ್ತಿದ್ದ ಸಮಿತಿಯವರು ಹೇಳಿದ್ದರು. ನಿಂತರೆ ಮೇಡಂ ಪಟ್ಟ ವರ್ಷಗಳ ಶ್ರಮವೂ ನನ್ನ ನೌಕರಿಯೂ ಒಟ್ಟಿಗೇ ಹೋಗುತ್ತಿದ್ದವು.

ಅದೇ ಸಮಯಕ್ಕೆ ನನ್ನ ಹೆಂಡತಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಅತ್ತೆ ಧಾರವಾಡದಿಂದ ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಮಗುವನ್ನು ನೋಡಲು ಬಂದ ಮೇಡಂ ಮುಖ ಸಪ್ಪಗಿತ್ತು. ಅತ್ತೆ ವಿಚಾರಿಸಿದಾಗ ಮೇಡಂ ಉಬ್ಬುವುದು, ಕುಗ್ಗುವುದು ಎಲ್ಲ ಹೇಳಿದರು. ಅತ್ತೆ ಗಂಭೀರವಾಗಿ ಕೇಳಿಸಿಕೊಂಡರು.

"ಉಬ್ಬಿ ಇಳದ್ರ ಸೊಂಟ ಸಡ್ಲ ಆಗತೈತ್ರಿ. ಅದಕ್ಕ ಅಂಟು ಕೊಡಬೇಕ್ರಿ" ಎಂದು ಬಾಣಂತಿಗೆ ಮಾಡಿದ್ದ ಅಂಟಿನುಂಡೆಯೊಂದನ್ನು ಮೇಡಂ ಕೈಗಿಟ್ಟರು.

ಮೇಡಂ ನಗಲಿಲ್ಲ. ಅದೇ ಅವರ ದೊಡ್ಡತನ. ಸಿಲಿಕಾನ್ ಪುಡಿಯನ್ನು ತಾಮ್ರದ ಹಾಳೆಗೆ ಹಿಡಿಸಲು ಈ ಮರದ ಅಂಟನ್ನೇ ಬಳಸಿ ನೋಡೋಣ ಎಂದರು. ಮರುದಿನವೇ ಅತ್ತೆ ನನ್ನ ಕೈಯಲ್ಲಿ ಒಂದು ಡಬ್ಬಿ ಅಂಟು ಕಳಿಸಿದರು. ಹಾಳೆಯ ಮೇಲೆ ಒಂದು ಚೂರೂ ನಿಲ್ಲಲಿಲ್ಲ, ಎಲ್ಲ ಜಾರಿತು. ಮನೆಗೆ ಬಂದು ಕೇಳಿದರೆ ತುಪ್ಪದಲ್ಲಿ ಹುರಿದು ಕಳಿಸಿದ್ದರಂತೆ.

"ಹಸೀದು ಕೊಟ್ರ ಅದಕ್ಕ ಅಜೀರ್ಣ ಆಗೂದಿಲ್ಲೇನು?" ಎಂದು ನನ್ನನ್ನೇ ಕೇಳಿದರು.

ಸಮಿತಿ

ಹಸಿ ಅಂಟನ್ನು ನೀರಿನಲ್ಲಿ ಕರಗಿಸಿ ಬಳಸಿದ ಮೇಲೆ ಆನೋಡ್ ಹಿಡಿದು ನಿಂತಿತು. ಸಮಿತಿ ಬಂದ ಬೆಳಿಗ್ಗೆ ನೂರಾಹನ್ನೊಂದನೇ ಚಾರ್ಜ್ ನಡೆಯುತ್ತಿತ್ತು. ಮೇಡಂ ವಿವರಿಸುತ್ತಿದ್ದರೆ ಹೆಮ್ಮೆಯಿಂದ ನನ್ನ ಕಣ್ಣು ತುಂಬಿತ್ತು. ಸಮಿತಿಯಲ್ಲಿ ನಗುವ ಅಭ್ಯಾಸವೇ ಇಲ್ಲದ ಹಿರಿಯರೊಬ್ಬರಿದ್ದರು. ಉಬ್ಬಿ ಇಳಿಯುವ ವಸ್ತುವಿಗೆ ಈ ಅಂಟು ಆಗುತ್ತದೆಂದು ಹಿಂದೆ ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಅವರು ಕೇಳಿದರು. ನಾನು ನೆಲ ನೋಡಿದೆ.

ಮೇಡಂ ನನ್ನ ಕಡೆ ಕೈ ತೋರಿಸಿ, "ಇವರ ಅತ್ತೆ ಆರು ಬಾಣಂತನ ಮಾಡಿದ್ದಾರೆ ಸಾರ್. ಒಂದೂ ಫೇಲ್ ಆಗಿಲ್ಲ" ಅಂದರು.

ಹಿರಿಯರು ಏನೋ ಬರೆದುಕೊಂಡು ಹೋದರು. ವಾರ ಕಳೆದು ವರದಿ ಬಂತು. ಪ್ರಾಜೆಕ್ಟನ್ನು ಇನ್ನೆರಡು ವರ್ಷ ಮುಂದುವರಿಸಿದ್ದರು. ಹಿಂದಿನ ಪರೀಕ್ಷೆಗಳು ಎಂಬ ಕಾಲಮಿನಲ್ಲಿ ಆ ಹಿರಿಯರ ಕೈಬರಹದಲ್ಲೇ ಹೀಗಿತ್ತು: "ಆರು. ತಾಯಿ, ಮಗು ಕ್ಷೇಮ."